ಗಿಡವೋ, ಮಷಿನ್ನೋ, ಕಿಟಕಿಯೋ: ಮುಂಬಯಿ ಫ್ಲ್ಯಾಟಿನ ಗಾಳಿಗೆ ಯಾವುದು ಕೆಲಸ ಮಾಡುತ್ತದೆ?

ನವೆಂಬರ್ ಬಂದರೆ ಮುಂಬಯಿಯ ನರ್ಸರಿಗಳಲ್ಲಿ ಕೆಲವು ಗಿಡಗಳನ್ನು 'ಏರ್ ಪ್ಯೂರಿಫೈಯರ್' ಅಂತಲೇ ಮಾರುತ್ತಾರೆ. ಅರೆಕಾ ಪಾಮ್, ಸ್ನೇಕ್ ಪ್ಲಾಂಟ್, ಪೀಸ್ ಲಿಲಿ, ಮನಿ ಪ್ಲಾಂಟ್. ಹೊರಗೆ ಮಸುಕು, ಮನೆಯಲ್ಲಿ ಮಕ್ಕಳಿಗೆ ಕೆಮ್ಮು, ಎದುರು ಕಟ್ಟಡದ ರಿಡೆವಲಪ್‌ಮೆಂಟ್ ಧೂಳು. ಇಂಥ ಹೊತ್ತಲ್ಲಿ ಮುನ್ನೂರು ನಾನೂರು ರೂಪಾಯಿಯ ಗಿಡ ಗಾಳಿ ಶುದ್ಧ ಮಾಡುತ್ತದೆ ಎಂದರೆ ಯಾರಿಗೆ ಬೇಡ? ಡೊಂಬಿವಲಿ, ಮುಲುಂಡ್, ಘಾಟ್‌ಕೋಪರ್, ಅಂಧೇರಿ, ನಮ್ಮವರು ಎಲ್ಲಿ ನಾಲ್ಕು ಜನ ಸೇರಿದರೂ ಈಗ ಈ ಮಾತು ಬಂದೇ ಬರುತ್ತದೆ. ಗಿಡ ಸಾಕಾ, ಮಷಿನ್ ತಗೊಳ್ಳಬೇಕಾ, ಅಥವಾ ಸುಮ್ನೆ ಕಿಟಕಿ ತೆರೆದಿಟ್ಟರೆ ಆಯಿತಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗಿಡ ಬೇಕಾದರೆ ಗಿಡದ ಮೇಲಿನ ಆಸೆಗೆ ತನ್ನಿ. ಗಾಳಿಗೆಂದು ದುಡ್ಡು ಹಾಕುವುದಾದರೆ ಮೊದಲು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೆ ಹಾಕಿ. ಆಮೇಲೆ ಮನೆಯ ಪರಿಸ್ಥಿತಿ ನೋಡಿಕೊಂಡು ಮಲಗುವ ಕೋಣೆಗೆ ಒಂದು ಪ್ಯೂರಿಫೈಯರ್. ಈ ಕ್ರಮ ಯಾಕೆ ಅನ್ನುವುದಕ್ಕೆ ಲೆಕ್ಕ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಗೆ ಯಾವುದು ಹೊಂದುತ್ತದೆ ನೀವೇ ನೋಡಿ.

ಮನೆಯೊಳಗಿನ ಕೊಳೆ ಒಂದೇ ಥರದ್ದಲ್ಲ

ಗಾಳಿ ಕೆಟ್ಟಿದೆ ಎನ್ನುತ್ತೇವೆ. ಆದರೆ ಕೆಡಿಸುವುದು ಬೇರೆ ಬೇರೆ ವಸ್ತು, ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಸಣ್ಣ ಕಣಗಳದ್ದು. ಪಿಎಂ 2.5 ಅಂತ ಪೇಪರಿನಲ್ಲಿ ಬರುತ್ತದಲ್ವಾ, ಅದೇ. ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕದು, ಕಣ್ಣಿಗೆ ಕಾಣುವುದಿಲ್ಲ, ಉಸಿರಿನ ಜೊತೆ ಶ್ವಾಸಕೋಶದ ತೀರಾ ಒಳಗೆ ಹೋಗಿ ಕೂರುತ್ತದೆ. ವಾಹನದ ಹೊಗೆ, ಕಸ ಸುಡುವ ಹೊಗೆ, ಕಟ್ಟಡ ಕೆಲಸದ ಧೂಳು, ಜೊತೆಗೆ ನಮ್ಮದೇ ಒಗ್ಗರಣೆ ಮತ್ತು ಊದುಬತ್ತಿ, ಎಲ್ಲದರಲ್ಲೂ ಇದಿದೆ. ನಮ್ಮ ದೇಶದ ಮಾನದಂಡದಲ್ಲಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇನ್ನೂ ಬಿಗಿ ಮಾಡಿತು: ದಿನಕ್ಕೆ 15, ವರ್ಷಕ್ಕೆ 5.

ಎರಡನೆಯದು ಅನಿಲಗಳು. ಹೊಸ ಪ್ಲೈವುಡ್, ಎಂಡಿಎಫ್ ಬೀರು, ಅಂಟು, ಪೇಂಟು ಇವುಗಳಿಂದ ಫಾರ್ಮಾಲ್ಡಿಹೈಡ್ ಮತ್ತು ಅದರ ಬಳಗ ಬಿಡುಗಡೆಯಾಗುತ್ತಲೇ ಇರುತ್ತದೆ. ಸೆಖೆ ಮತ್ತು ತೇವ ಜಾಸ್ತಿಯಾದಷ್ಟು ಇದೂ ಜಾಸ್ತಿ. ಮುಂಬಯಿಯಲ್ಲಿ ಇವೆರಡಕ್ಕೂ ಬರವಿಲ್ಲ. ಗ್ಯಾಸ್ ಒಲೆಯಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಪೈಪಿನ ಗ್ಯಾಸ್ ಆದರೂ ಅಷ್ಟೇ, ಸಿಲಿಂಡರ್ ಆದರೂ ಅಷ್ಟೇ.

ಮೂರನೆಯದು ನಮ್ಮ ಉಸಿರಿನದೇ ಕಾರ್ಬನ್ ಡೈಆಕ್ಸೈಡ್. ಬಾಗಿಲು ಹಾಕಿ ಎಸಿ ಹಚ್ಚಿ ಮಲಗುವ ಕೋಣೆಯಲ್ಲಿ ಇದು ಏರುತ್ತದೆ. ನಾಲ್ಕನೆಯದು ಮಳೆಗಾಲದ ತೇವ ಮತ್ತು ಬೂಷ್ಟು.

ಈಗ ಗಿಡದ ವಿಷಯಕ್ಕೆ ಬರೋಣ. ಇದರಲ್ಲಿ ಗಿಡ ಯಾವುದನ್ನು ಹೀರುತ್ತದೆ, ಎಷ್ಟು ಹೀರುತ್ತದೆ?

ಗಿಡದ ಹೆಸರು ಎಲ್ಲಿಂದ ಬಂತು

ಎಲ್ಲದರ ಮೂಲ ನಾಸಾದ ಒಂದು ವರದಿ, 1989ರದ್ದು. ಬಿಲ್ ವುಲ್ವರ್ಟನ್ ಎಂಬ ವಿಜ್ಞಾನಿ ಅಮೆರಿಕದ ಮಿಸಿಸಿಪಿಯಲ್ಲಿರುವ ಸ್ಟೆನಿಸ್ ಕೇಂದ್ರದಲ್ಲಿ ಈ ಪ್ರಯೋಗ ಮಾಡಿದರು. ಬಾಹ್ಯಾಕಾಶದಲ್ಲಿ ಪೂರ್ತಿ ಮುಚ್ಚಿದ ಮನೆಯಲ್ಲಿ ಜನ ಇರಬೇಕಾದರೆ ಒಳಗಿನ ಗಾಳಿ ಹೇಗೆ ಶುದ್ಧ ಇಡುವುದು ಎನ್ನುವುದು ಅವರ ಪ್ರಶ್ನೆ. ಗಾಳಿಯಾಡದ ಚಿಕ್ಕ ಪಾರದರ್ಶಕ ಪೆಟ್ಟಿಗೆಯೊಳಗೆ ಗಿಡ ಇಟ್ಟರು. ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಅನಿಲ ತುಂಬಿದರು. 24 ಗಂಟೆ ಬಿಟ್ಟು ಅಳೆದರು. ಅನಿಲ ಕಡಿಮೆಯಾಗಿತ್ತು.

ಆ ಪ್ರಯೋಗದಲ್ಲಿ ತಪ್ಪೇನೂ ಇಲ್ಲ. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಲೆಗಿಂತ ಹೆಚ್ಚಾಗಿ ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ಪಾಲು ದೊಡ್ಡದು ಎಂಬುದೂ ಕಾಣಿಸಿತು. ಫ್ಯಾನ್ ಇಟ್ಟು ಗಾಳಿಯನ್ನು ಬೇರಿನ ಬುಡದಲ್ಲಿರುವ ಇದ್ದಿಲಿನ ಮೂಲಕ ಎಳೆದರೆ ಇನ್ನೂ ಚೆನ್ನಾಗಿ ಆಗುತ್ತದೆ ಎಂದು ಅವರೇ ತೋರಿಸಿದ್ದರು. ಆದರೆ ಆಮೇಲೆ ಪತ್ರಿಕೆಗಳಲ್ಲಿ, ಜಾಹೀರಾತಿನಲ್ಲಿ ಉಳಿದದ್ದು ಗಿಡಗಳ ಪಟ್ಟಿ ಮಾತ್ರ. ಪೆಟ್ಟಿಗೆ, ಫ್ಯಾನ್, ಇದ್ದಿಲು ಮೂರೂ ಬಿಟ್ಟುಹೋದವು.

ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಕಿಟಕಿ ಹಾಕಿದರೂ ಸ್ಲೈಡಿಂಗ್ ಸಂದಿಯಲ್ಲಿ, ಬಾಗಿಲ ಕೆಳಗೆ, ಬಾತ್‌ರೂಮಿನ ಗಾಜಿನ ಪಟ್ಟಿಗಳ ನಡುವೆ ಗಾಳಿ ಬಂದು ಹೋಗುತ್ತಲೇ ಇರುತ್ತದೆ. ಹಾಗಾದರೆ ನಿಜವಾದ ಮನೆಯಲ್ಲಿ ಗಿಡದ ಪಾಲು ಎಷ್ಟು? 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಇದನ್ನೇ ಲೆಕ್ಕ ಹಾಕಿದರು. ಅಲ್ಲಿಯ ತನಕ ಪ್ರಕಟವಾಗಿದ್ದ 12 ಅಧ್ಯಯನಗಳ 196 ಪ್ರಯೋಗಗಳನ್ನು ತೆಗೆದುಕೊಂಡು ಎಲ್ಲವನ್ನೂ ಒಂದೇ ಅಳತೆಗೆ ತಂದರು. ಒಂದು ಗಿಡ ಗಂಟೆಗೆ ಎಷ್ಟು ಗಾಳಿಯಿಂದ ಈ ಅನಿಲ ತೆಗೆಯುತ್ತದೆ? ಮಧ್ಯದ ಅಂಕಿ 0.023 ಘನ ಮೀಟರ್. ಅಂದರೆ 23 ಲೀಟರ್.

ನಮ್ಮ ಕಡೆಯ ಒಂದು ಮಲಗುವ ಕೋಣೆ ತೆಗೆದುಕೊಳ್ಳಿ. ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತು ಅಡಿ. ಒಳಗೆ ಸುಮಾರು 34 ಘನ ಮೀಟರ್ ಗಾಳಿ, ಅಂದರೆ 34,000 ಲೀಟರ್. ಗಂಟೆಗೆ 23 ಲೀಟರಿನಂತೆ ಒಂದು ಗಿಡ ಅಷ್ಟೂ ಗಾಳಿಯನ್ನು ಒಂದು ಸಲ ಮುಗಿಸಲು ಎರಡು ತಿಂಗಳು ಬೇಕು. ಆ ಲೇಖಕರ ಲೆಕ್ಕದಲ್ಲಿ ಸಾಮಾನ್ಯ ಕಟ್ಟಡದ ಗಾಳಿ ತಾನಾಗಿಯೇ ಗಂಟೆಗೆ ಒಂದು ಸಲದ ಆಸುಪಾಸು ಬದಲಾಗುತ್ತದೆ. ಅದಕ್ಕೆ ಸರಿಸಮ ಆಗಬೇಕಾದರೆ ಒಂದೊಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಎಂದು ಅವರು ಬರೆದರು. ನಾನು ಹೇಳಿದ ಕೋಣೆಗೆ ಆ ಮಧ್ಯದ ಅಂಕಿಯಿಂದ ಲೆಕ್ಕ ಹಾಕಿದರೆ ಸುಮಾರು 1,480 ಗಿಡ. ಮಂಚಕ್ಕೆ ಜಾಗ ಎಲ್ಲಿ?

ಇನ್ನೊಂದು ಮಾತು. ಈ ಲೆಕ್ಕವೆಲ್ಲ ಅನಿಲದ್ದು. ಮುಂಬಯಿಯ ಚಳಿಗಾಲದಲ್ಲಿ ನಮ್ಮನ್ನು ಕಾಡುವ ಸಣ್ಣ ಕಣಗಳ ಲೆಕ್ಕ ಇದರಲ್ಲಿಲ್ಲ. ಎಲೆಯ ಮೇಲೆ ಧೂಳು ಕೂರುತ್ತದೆ, ನಿಜ. ನಮ್ಮ ಹಾಲಿನಲ್ಲಿ ರಸ್ತೆ ಬದಿಯ ಕಿಟಕಿ ಪಕ್ಕ ಒಂದು ಅರೆಕಾ ಪಾಮ್ ಇದೆ. ಅದರ ಒಂದು ಗರಿಯನ್ನು ಒದ್ದೆ ಮಾಡಿದ ಬಿಳಿ ಬನಿಯನ್ ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಬೀಳುತ್ತದೆ. ಬೆರಳಲ್ಲಿ ಉಜ್ಜಿದರೆ ಮಣ್ಣಿನ ಹಾಗೆ ಉದುರುವುದಿಲ್ಲ, ಜಿಡ್ಡಿನ ಹಾಗೆ ಹರಡುತ್ತದೆ. ನೋಡಿದವರು "ಎಷ್ಟೊಂದು ಹಿಡಿದಿದೆ ನೋಡಿ" ಅನ್ನುತ್ತಾರೆ. ಆದರೆ ಫ್ರಿಜ್ಜಿನ ತಲೆ, ಟಿವಿ ಹಿಂದಿನ ಮೂಲೆ, ಫ್ಯಾನಿನ ರೆಕ್ಕೆ ಒರೆಸಿದರೂ ಅದೇ ಕಪ್ಪು. ಅದು ತಾನಾಗಿ ಕೆಳಗೆ ಕೂತ ದಪ್ಪ ಧೂಳು. ಶ್ವಾಸಕೋಶಕ್ಕೆ ಇಳಿಯುವ ಸಣ್ಣ ಕಣ ಗಂಟೆಗಟ್ಟಲೆ ತೇಲಿಕೊಂಡೇ ಇರುತ್ತದೆ, ಎಲೆ ಅದನ್ನು ಕರೆದು ಕೂರಿಸಿಕೊಳ್ಳುವುದಿಲ್ಲ.

ದೆಹಲಿಯ ಉದಾಹರಣೆ ಹೇಳುವವರಿದ್ದಾರೆ. ಅಲ್ಲಿನ ಉದ್ಯಮಿ ಕಮಲ್ ಮೀಟಲ್ ಅವರು 2009ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಅರೆಕಾ ಪಾಮ್, ಸ್ನೇಕ್ ಪ್ಲಾಂಟ್ ಮತ್ತು ಮನಿ ಪ್ಲಾಂಟ್ ಮೂರರಿಂದ ಮನೆಯೊಳಗೇ ಶುದ್ಧ ಗಾಳಿ ಬೆಳೆಯಬಹುದು ಎಂದರು. ಆ ಅಂಕಿಗಳನ್ನೂ ನೋಡಿ: 50,000 ಚದರ ಅಡಿಯ ಆಫೀಸು, 300 ಜನ, 1,200 ಗಿಡ. ತಲೆಗೆ ನಾಲ್ಕು. ಭುಜದೆತ್ತರದ ಅರೆಕಾ ಪಾಮ್ ಆದರೆ ಒಬ್ಬೊಬ್ಬರಿಗೆ ನಾಲ್ಕು ಬೇಕು ಎನ್ನುವುದು ಅವರ ಮಾತು. ನಾಲ್ಕು ಜನರ ಒನ್ ಬಿಎಚ್‌ಕೆಯಲ್ಲಿ ಭುಜದೆತ್ತರದ ಹದಿನಾರು ಗಿಡ. ಅವರನ್ನೇ ಪೂರ್ತಿ ನಂಬಿದರೂ ಟೀಪಾಯಿ ಮೇಲಿನ ಎರಡು ಕುಂಡದಿಂದ ಏನೂ ಆಗುವುದಿಲ್ಲ.

ರಾತ್ರಿ ಆಮ್ಲಜನಕ ಕೊಡುವ ಗಿಡ?

ಸ್ನೇಕ್ ಪ್ಲಾಂಟ್, ಲೋಳೆಸರ, ತುಳಸಿ ಇವು ರಾತ್ರಿಯೂ ಆಮ್ಲಜನಕ ಬಿಡುತ್ತವೆ ಎಂದು ಬಹಳ ಜನ ಮಲಗುವ ಕೋಣೆಯಲ್ಲಿ ಇಡುತ್ತಾರೆ. ಬೆಳಕಿಲ್ಲದೆ ಗಿಡ ಆಮ್ಲಜನಕ ಮಾಡುವುದಿಲ್ಲ. ಸ್ನೇಕ್ ಪ್ಲಾಂಟ್ ಮತ್ತು ಲೋಳೆಸರ ರಾತ್ರಿ ಕಾರ್ಬನ್ ಡೈಆಕ್ಸೈಡ್ ಒಳಗೆಳೆದು ಇಟ್ಟುಕೊಳ್ಳುತ್ತವೆ, ಅಷ್ಟು ನಿಜ. ನೀರು ಉಳಿಸಲು ಅವು ಕಲಿತ ದಾರಿ ಅದು. ಆಮ್ಲಜನಕ ಹೊರಬರುವುದು ಹಗಲಲ್ಲೇ. ಮಲಗಿದ ಒಬ್ಬ ಮನುಷ್ಯ ಗಂಟೆಗೆ ಹತ್ತು ಲೀಟರಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಒಂದು ಕುಂಡದ ಗಿಡ ಅದಕ್ಕೆ ಸಾಟಿಯೇ ಅಲ್ಲ. ಹಾಗೆಯೇ ರಾತ್ರಿ ಗಿಡ ಇಟ್ಟರೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆಯೂ ಬೇಡ. ಎರಡೂ ಕಡೆಗೆ ಅದರ ಲೆಕ್ಕ ತೀರಾ ಚಿಕ್ಕದು.

ಎಕ್ಸಾಸ್ಟ್ ಫ್ಯಾನು: ನನ್ನ ಮೊದಲ ಆಯ್ಕೆ

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಪಿಎಂ ಅಳೆಯುವ ಅಂಗೈಯಗಲದ ಮೀಟರ್ ತರಿಸಿದ್ದಾರೆ. ಒಂದು ಮಧ್ಯಾಹ್ನ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ನೋಡಿದೆವು. ಆ ಮನೆಯ ಅಕ್ಕ ಒಗ್ಗರಣೆಗೆ ಎಣ್ಣೆ ಇಟ್ಟರು. ಆಗ ಅಂಕಿ ಇನ್ನೂ ಎರಡಂಕಿಯಲ್ಲೇ ಇತ್ತು. ಸಾಸಿವೆ ಸಿಡಿಯಿತು, ಒಣಮೆಣಸು ಬಿತ್ತು. ನಮಗೆ ಕೆಮ್ಮು ಬರುವ ಮೊದಲೇ ಅಂಕಿ ಮೂರಂಕಿ ದಾಟಿ ಏರುತ್ತಾ ಹೋಯಿತು. ಹಾಲಿನಲ್ಲಿ ಟಿವಿ ನೋಡುತ್ತಿದ್ದವರ ಹತ್ತಿರ ಹಿಡಿದರೂ ಸ್ವಲ್ಪ ಹೊತ್ತಿಗೆ ಅದೇ ಕತೆ. ಎಕ್ಸಾಸ್ಟ್ ಹಾಕಿ ಹಾಲಿನ ಕಿಟಕಿ ತೆರೆದೆವು. ಕುಕ್ಕರ್ ಕೂಗಿ ಮುಗಿಯುವಷ್ಟರಲ್ಲಿ ಇಳಿದಿತ್ತು. "ಇಷ್ಟು ದಿನ ಬರೀ ರಸ್ತೆಯನ್ನೇ ಬೈತಾ ಇದ್ವಿ ಅಲ್ವಾ," ಎಂದರು ಅಕ್ಕ.

ಅದಕ್ಕೇ ನಾನು ಫ್ಯಾನಿನ ಪರ. ಕಿಟಕಿಗೆ ಕೂರಿಸುವ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಕೂಡ ಗಂಟೆಗೆ ನೂರಾರು ಘನ ಮೀಟರ್ ಗಾಳಿ ಹೊರಗೆ ಎಸೆಯುತ್ತದೆ. ಕಣ, ಅನಿಲ, ಹಬೆ, ವಾಸನೆ ಅಂತ ಭೇದ ಮಾಡುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ತಳ್ಳುತ್ತದೆ. ಫಿಲ್ಟರ್ ಖರ್ಚಿಲ್ಲ. ಒಳ್ಳೆಯ ಅರೆಕಾ ಪಾಮ್ ಮತ್ತು ಸೆರಾಮಿಕ್ ಕುಂಡ ಸೇರಿ ಬೀಳುವ ಬೆಲೆಗೆ ಫ್ಯಾನ್ ಬರುತ್ತದೆ.

ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ. ಅಡುಗೆ ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಎದುರಿನ ಕಡೆ ಎಲ್ಲಾದರೂ ಒಂದು ಕಿಟಕಿ ಸ್ವಲ್ಪ ತೆರೆದಿರಬೇಕು. ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ. ಹಳೆಯ ಬಿಲ್ಡಿಂಗುಗಳಲ್ಲಿ ಎಲ್ಲರ ಅಡುಗೆಮನೆಯೂ ಒಂದೇ ಡಕ್ಟಿಗೆ ಬಾಯಿ ಬಿಡುತ್ತದೆ. ಕೆಳಗಿನ ಮನೆಯ ಬಂಗುಡೆ ಹುರಿಯುವ ಹೊಗೆ ಮೇಲೆ ಬಂದು ನಿಮ್ಮಲ್ಲಿಗೆ ನುಗ್ಗುತ್ತದೆ. ಅಂಥಲ್ಲಿ ಫ್ಯಾನ್ ನಿಂತಾಗ ತಾನಾಗಿ ಮುಚ್ಚುವ ಪಟ್ಟಿ ಇರುವ ಮಾದರಿ ತಗೊಳ್ಳಿ.

ಚಿಮಣಿ ತಗೊಳ್ಳುವವರು ಒಂದು ಪ್ರಶ್ನೆ ಮರೆಯದೆ ಕೇಳಿ: ಪೈಪು ಹೊರಗೆ ಹೋಗುತ್ತದಾ? ಹೊರಗೋಡೆಗೆ ತೂತು ಕೊರೆಯಲು ಎಷ್ಟೋ ಸೊಸೈಟಿಗಳು ಬಿಡುವುದಿಲ್ಲ. ಆಗ ಅಂಗಡಿಯವರು ಪೈಪಿಲ್ಲದ ಚಿಮಣಿ ತೋರಿಸುತ್ತಾರೆ. ಅದು ಎಣ್ಣೆ ಜಿಡ್ಡನ್ನು ಜಾಲರಿಯಲ್ಲಿ ಹಿಡಿದು ಉಳಿದ ಗಾಳಿಯನ್ನು ವಾಪಸ್ ಅಡುಗೆಮನೆಗೇ ಬಿಡುತ್ತದೆ. ಹತ್ತಾರು ಸಾವಿರದ ಪೈಪಿಲ್ಲದ ಚಿಮಣಿಗಿಂತ ಕಿಟಕಿಯ ಎಕ್ಸಾಸ್ಟ್ ಎಷ್ಟೋ ಮೇಲು.

ಉರಿಸುವುದನ್ನು ನಿಲ್ಲಿಸುವುದೂ ಒಂದು ಆಯ್ಕೆ

ಇದಕ್ಕೆ ದುಡ್ಡೇ ಬೇಡ. ಸೊಳ್ಳೆ ಕಾಯಿಲ್ ಹಚ್ಚುವ ಮನೆಯಲ್ಲಿ ಬೇರೆ ಯಾವ ಚರ್ಚೆಗೂ ಅರ್ಥವಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚೀನಾ ಮತ್ತು ಮಲೇಷ್ಯಾದ ಕಾಯಿಲ್‌ಗಳನ್ನು ಸುಟ್ಟು ಅಳೆಯಿತು. ಒಂದು ಕಾಯಿಲ್‌ನಿಂದ ಹೊರಬರುವ ಪಿಎಂ 2.5, 75ರಿಂದ 137 ಸಿಗರೇಟಿನಷ್ಟು ಎಂದು ಕಂಡಿತು. ಮುಚ್ಚಿದ ಕೋಣೆಯಲ್ಲಿ ಮಗುವಿನ ಮಂಚದ ಕೆಳಗೆ ಅದನ್ನು ಇಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ದೇವರ ಮುಂದೆ ಊದುಬತ್ತಿ ಬೇಕೇ ಬೇಕು ಎನ್ನುವವರು ಕಿಟಕಿ ತೆರೆದು ಒಂದೇ ಹಚ್ಚಿ. ಬಾಗಿಲು ಹಾಕಿ ಧೂಪ, ಲೋಬಾನ ಹಾಕಬೇಡಿ, ಮನೆಯಲ್ಲಿ ದಮ್ಮಿನವರು ಇದ್ದರಂತೂ ಬೇಡವೇ ಬೇಡ.

ಕಿಟಕಿ: ಯಾವಾಗ ತೆರೆಯಬೇಕು ಅನ್ನುವುದೇ ಮುಖ್ಯ

ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆರೆದು ತಂಪು ಗಾಳಿ ಬಿಡುವುದು ಊರಿನ ಅಭ್ಯಾಸ. ಉಡುಪಿ, ಕುಂದಾಪುರ, ಶಿರಸಿಯಲ್ಲಿ ಸರಿ. ಮುಂಬಯಿಯ ಡಿಸೆಂಬರಿನಲ್ಲಿ ಅದೇ ಹೊತ್ತು ಕೆಟ್ಟದ್ದು. ಚಳಿಗಾಲದ ರಾತ್ರಿ ಮತ್ತು ಮುಂಜಾನೆ ಗಾಳಿ ನೆಲದ ಹತ್ತಿರವೇ ನಿಂತಿರುತ್ತದೆ, ಹೊಗೆ ಮೇಲೆ ಏರುವುದಿಲ್ಲ. ಗಾಳಿಯೂ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತಿರುತ್ತದೆ. ಬಿಸಿಲು ಏರಿ, ಮಧ್ಯಾಹ್ನ ಅರಬ್ಬೀ ಸಮುದ್ರದ ಕಡೆಯಿಂದ ಗಾಳಿ ಬೀಸಲು ಶುರುವಾದ ಮೇಲೆ ಊರೆಲ್ಲ ಸ್ವಲ್ಪ ತಿಳಿಯಾಗುತ್ತದೆ. ಹಾಗಾಗಿ ನವೆಂಬರಿನಿಂದ ಫೆಬ್ರವರಿ ತನಕ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಒಳಗೆ ಮನೆಯ ಎರಡೂ ಬದಿಯ ಕಿಟಕಿ ತೆರೆದು ಗಾಳಿ ಹಾಯಲು ಬಿಡಿ. ಸಮುದ್ರದ ಕಡೆ ಮುಖ ಇದ್ದರೆ ಇನ್ನೂ ಒಳ್ಳೆಯದು.

ಊಹೆ ಮಾಡುತ್ತಾ ಕೂರಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ನಿಮ್ಮ ಹತ್ತಿರದ ಕೇಂದ್ರದ ಎಕ್ಯುಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಸೂಚ್ಯಂಕ, ನೋಡಿ. 100ರ ಒಳಗಿದ್ದರೆ ಧಾರಾಳವಾಗಿ ತೆರೆಯಿರಿ. 200 ದಾಟಿದರೆ ಸರ್ಕಾರದ ಲೆಕ್ಕದಲ್ಲೇ ಅದು 'ಕಳಪೆ'. ಆಗ ಕಿಟಕಿ ಹಾಕಿಕೊಂಡಿರುವುದು ಜಾಣತನ, ಅಡುಗೆ ಹೊತ್ತು ಮಾತ್ರ ಬಿಟ್ಟು.

ಎದುರಿಗೇ ಕಟ್ಟಡ ಏಳುತ್ತಿದ್ದರೆ ಕಿಟಕಿಯ ಲೆಕ್ಕ ತಪ್ಪುತ್ತದೆ. 2023ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಮುಂಬಯಿಯ ಗಾಳಿಯ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ತಿಂಗಳು ಮಹಾನಗರ ಪಾಲಿಕೆ ಕಟ್ಟಡ ಕೆಲಸಕ್ಕೆ ನಿಯಮ ಹೊರಡಿಸಿತು. ಸುತ್ತ ಎತ್ತರದ ತಗಡಿನ ಗೋಡೆ ಕಟ್ಟಬೇಕು, ಕಟ್ಟಡಕ್ಕೆ ಬಟ್ಟೆ ಹೊದಿಸಬೇಕು, ನೀರು ಚಿಮುಕಿಸಬೇಕು. ತಗಡಿಲ್ಲದೆ ಕೆಲಸ ನಡೆಯುತ್ತಿದ್ದರೆ ಫೋಟೋ ತೆಗೆದು ಸೊಸೈಟಿಯ ಹೆಸರಲ್ಲಿ ವಾರ್ಡ್ ಆಫೀಸಿಗೆ ಬರೆಯಿರಿ. ನಿಮ್ಮ ಮನೆಯೊಂದಕ್ಕೆ ಅಲ್ಲ, ಗಲ್ಲಿಗೇ ಉಪಯೋಗ.

ಪ್ಯೂರಿಫೈಯರ್: ಯಾರಿಗೆ ಬೇಕು, ಹೇಗೆ ಆರಿಸಬೇಕು

ಸಣ್ಣ ಕಣ ಹಿಡಿಯುವ ವಿಷಯದಲ್ಲಿ ಹೆಪಾ ಫಿಲ್ಟರಿನ ಪ್ಯೂರಿಫೈಯರಿಗೆ ಎದುರಿಲ್ಲ. ಒಳ್ಳೆಯ ಹೆಪಾ 0.3 ಮೈಕ್ರಾನಿನ ಕಣವನ್ನೂ 99.9 ಪ್ರತಿಶತಕ್ಕಿಂತ ಹೆಚ್ಚು ಹಿಡಿಯುತ್ತದೆ. ಗಂಟೆಗೆ 200 ಘನ ಮೀಟರ್ ಶುದ್ಧ ಗಾಳಿ ಕೊಡುವ ಮಷಿನ್ ನಾನು ಮೊದಲು ಹೇಳಿದ 34 ಘನ ಮೀಟರಿನ ಕೋಣೆಯಷ್ಟು ಗಾಳಿಯನ್ನು ಹತ್ತು ನಿಮಿಷದಲ್ಲಿ ದಾಟಿಸುತ್ತದೆ. ಗಿಡದ ಎರಡು ತಿಂಗಳನ್ನು ಇದರ ಪಕ್ಕ ಇಟ್ಟು ನೋಡಿ.

ಡಬ್ಬದ ಮೇಲೆ ನೋಡಬೇಕಾದ ಅಂಕಿ ಒಂದೇ, ಸಿಎಡಿಆರ್. ಮಷಿನ್ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದೇ ಅದು. ಎಷ್ಟು ಚದರ ಅಡಿಗೆ ಸಾಕು ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನಂಬಬೇಡಿ, ಅದನ್ನು ಕಂಪನಿಗಳು ತಮಗೆ ಬೇಕಾದ ಹಾಗೆ ಎಳೆಯುತ್ತವೆ. ಗಂಟೆಗೆ ಐದು ಸಲ ಕೋಣೆಯ ಗಾಳಿ ಮಷಿನ್ ದಾಟಬೇಕು ಎಂದು ಇಟ್ಟುಕೊಳ್ಳಿ. ಕೋಣೆಯ ಚದರ ಅಡಿಯನ್ನು 1.4ರಿಂದ ಗುಣಿಸಿದರೆ ಬೇಕಾದ ಸಿಎಡಿಆರ್ ಸಿಗುತ್ತದೆ. 120 ಚದರ ಅಡಿಗೆ ಸುಮಾರು 170. ಆದರೆ ಆ ಅಂಕಿ ಮಷಿನ್ ಪೂರ್ತಿ ವೇಗದಲ್ಲಿ ಓಡುವಾಗಿನದು. ರಾತ್ರಿ ಆ ಸದ್ದಿಗೆ ಯಾರೂ ಮಲಗುವುದಿಲ್ಲ, ವೇಗ ತಗ್ಗಿಸುತ್ತೀರಿ, ಶುದ್ಧಿಯೂ ತಗ್ಗುತ್ತದೆ. ಅದಕ್ಕೆ ಲೆಕ್ಕಕ್ಕಿಂತ ಒಂದು ಸೈಜು ದೊಡ್ಡದು ತಗೊಳ್ಳಿ.

ಬದಲಿ ಫಿಲ್ಟರಿನ ಬೆಲೆಯನ್ನು ಮಷಿನ್ ಕೊಳ್ಳುವ ದಿನವೇ ಕೇಳಿ. ಅಗ್ಗದ ಮಷಿನ್ನಿಗೆ ದುಬಾರಿ ಫಿಲ್ಟರ್ ಇರುವುದುಂಟು, ಕೆಲವಕ್ಕೆ ಎರಡು ವರ್ಷವಾದ ಮೇಲೆ ಫಿಲ್ಟರೇ ಸಿಗುವುದಿಲ್ಲ. ಅಯಾನೈಸರ್, ಅಂದರೆ ಗಾಳಿಗೆ ವಿದ್ಯುತ್ ಅಯಾನು ಬಿಡುವ ಭಾಗ, ಇದ್ದರೆ ಬಂದ್ ಮಾಡಿಡಿ. ಓಝೋನ್ ಬಿಡುವ ಮಷಿನ್ ಮನೆಗೆ ತರಲೇಬೇಡಿ, ಓಝೋನ್ ಶ್ವಾಸಕೋಶವನ್ನೇ ಕೆರಳಿಸುತ್ತದೆ. ಕರೆಂಟಿನ ಚಿಂತೆ ಬೇಡ. 40 ವ್ಯಾಟಿನ ಮಷಿನ್ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ ಹತ್ತು ಯೂನಿಟ್ ಆಸುಪಾಸು.

ಇದು ಮಾಡದ ಕೆಲಸವೂ ಗೊತ್ತಿರಲಿ. ಕಾರ್ಬನ್ ಡೈಆಕ್ಸೈಡ್ ತೆಗೆಯುವುದಿಲ್ಲ. ಹೊಸ ಬೀರುವಿನ ಅನಿಲವನ್ನು ಅದರೊಳಗಿನ ತೆಳು ಇದ್ದಿಲ ಪದರ ಸ್ವಲ್ಪ ದಿನ ಹೀರಿ ಸೋಲುತ್ತದೆ. ಒಗ್ಗರಣೆ ಹೊಗೆಗೆ ಇದನ್ನು ಅಡುಗೆಮನೆಯಲ್ಲಿ ಇಡಬೇಡಿ, ಫಿಲ್ಟರಿಗೆ ಎಣ್ಣೆ ಹಿಡಿದು ಹಾಳಾಗುತ್ತದೆ.

ಎಸಿ ಹಾಕಿದ ಕೋಣೆ

ಎಸಿ ಇದ್ದರೆ ಹೊಸ ಗಾಳಿ ಬರುತ್ತದೆ ಎಂದು ತಿಳಿದವರು ಜಾಸ್ತಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನಿಂದ ಏನನ್ನೂ ತರುವುದಿಲ್ಲ. ಇಬ್ಬರು ಮೂವರು ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನದಕ್ಕಿಂತ ಹಲವು ಪಟ್ಟು ಏರಿರುತ್ತದೆ. ಎದ್ದಾಗ ತಲೆ ಭಾರ ಅನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು. ಇದಕ್ಕೆ ಗಿಡವೂ ಅಲ್ಲ, ಮಷಿನ್ನೂ ಅಲ್ಲ. ಕಿಟಕಿ ಒಂದಂಗುಲ ತೆರೆದಿಡಿ, ಇಲ್ಲವೇ ಹಾಲಿನ ಕಡೆ ಬಾಗಿಲು ಓರೆ ಮಾಡಿ. ಹೊರಗೆ ಗಾಳಿ ಕೆಟ್ಟಿರುವ ರಾತ್ರಿ ಆ ಒಂದಂಗುಲದ ಜೊತೆಗೆ ಪ್ಯೂರಿಫೈಯರ್ ಓಡಲಿ.

ಗ್ಯಾಸ್ ಗೀಸರ್ ಇರುವವರಿಗೆ ಒಂದು ಮಾತು, ಇದು ಗಾಳಿ ಶುದ್ಧಿಯ ಮಾತಲ್ಲ, ಜೀವದ ಮಾತು. ಮುಚ್ಚಿದ ಬಾತ್‌ರೂಮಿನೊಳಗೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ವಾಸನೆ ಇಲ್ಲ, ಎಚ್ಚರವೂ ಆಗುವುದಿಲ್ಲ. ಗೀಸರ್ ಹೊರಗೆ ಗಾಳಿಯಾಡುವ ಕಡೆ ಇರಲಿ, ಬಾತ್‌ರೂಮಿನ ಕಿಟಕಿ ಯಾವಾಗಲೂ ತೆರೆದಿರಲಿ.

ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ

ಜೂನಿನಿಂದ ಸೆಪ್ಟೆಂಬರ್ ಮಳೆ ಗಾಳಿಯನ್ನು ತೊಳೆಯುತ್ತದೆ. ಮುಂಬಯಿಯ ಹೊರಗಿನ ಗಾಳಿ ಆಗಲೇ ವರ್ಷದಲ್ಲಿ ಎಲ್ಲಕ್ಕಿಂತ ಚೆನ್ನ. ಪ್ಯೂರಿಫೈಯರಿಗೆ ರಜೆ ಕೊಡಬಹುದು. ತೊಂದರೆ ಈಗ ಒಳಗಿನ ತೇವದ್ದು. ಬೀರುವಿನ ಹಿಂದೆ, ಚಾವಣಿಯ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ದಮ್ಮು, ಅಲರ್ಜಿ ಇರುವವರಿಗೆ ಅದು ಧೂಳಿನಷ್ಟೇ ಕೆಟ್ಟದ್ದು. ಈ ಕಾಲದಲ್ಲಿ ಮನೆಯೊಳಗಿನ ಗಿಡ ಉಪಕಾರ ಮಾಡುವುದಿಲ್ಲ, ತೇವವನ್ನು ಇನ್ನಷ್ಟು ಸೇರಿಸುತ್ತದೆ, ಒಣಗದ ಮಣ್ಣಿನ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಸಾಧ್ಯವಾದಷ್ಟನ್ನು ಬಾಲ್ಕನಿಗೆ, ಗ್ರಿಲ್ಲಿಗೆ ಸಾಗಿಸಿ.

ಡೆಂಗ್ಯೂ ಸೊಳ್ಳೆಯನ್ನು ಮರೆಯಬೇಡಿ. ಕುಂಡದ ಕೆಳಗಿನ ತಟ್ಟೆಯ ನೀರು, ಬಾಟಲಿಯಲ್ಲಿಟ್ಟ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಗಾಜಿನ ಲೋಟ, ಇವೇ ಅದಕ್ಕೆ ಇಷ್ಟದ ಜಾಗ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಪಾಲಿಕೆಯ ಸಿಬ್ಬಂದಿ ಮನೆಗೆ ಬಂದಾಗ ಮೊದಲು ಬಗ್ಗಿ ನೋಡುವುದು ಆ ತಟ್ಟೆಗಳನ್ನೇ. ವಾರಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆ ಉಜ್ಜಿ ಒಣಗಿಸಿ.

ಹಾಗಾದರೆ ನಿಮ್ಮ ಮನೆಗೆ ಯಾವುದು

ಒಂದೇ ಕೋಣೆ, ಅಲ್ಲೇ ಒಲೆ, ಅಲ್ಲೇ ಮಲಗುವುದು ಎಂದಾದರೆ ಪ್ಯೂರಿಫೈಯರಿನ ಯೋಚನೆ ಬಿಟ್ಟು ಒಳ್ಳೆಯ ಎಕ್ಸಾಸ್ಟ್ ಹಾಕಿಸಿ. ಅದರಷ್ಟು ಫಲ ಬೇರೆ ಯಾವುದೂ ಕೊಡುವುದಿಲ್ಲ.

ಹೆದ್ದಾರಿ ಪಕ್ಕದ ಮೂರನೇ ಮಹಡಿ, ಮನೆಯಲ್ಲಿ ದಮ್ಮಿನ ಮಗು ಅಥವಾ ಹೃದಯದ ತೊಂದರೆ ಇರುವ ಹಿರಿಯರು. ಇಲ್ಲಿ ಪ್ಯೂರಿಫೈಯರ್ ಬೇಕು, ತಡ ಮಾಡಬೇಡಿ. ಇಡೀ ಮನೆಗೆ ಅಲ್ಲ, ಅವರು ಮಲಗುವ ಕೋಣೆಗೆ. ದಿನದ ಮೂರನೇ ಒಂದು ಪಾಲು ಉಸಿರು ಅಲ್ಲೇ ಆಗುತ್ತದೆ.

ಹೊಸ ಮನೆ, ಹೊಸ ಮಾಡ್ಯುಲರ್ ಕಿಚನ್, ಕಣ್ಣುರಿ, ಪ್ಲೈವುಡ್ ವಾಸನೆ. ಇದಕ್ಕೆ ಗಾಳಿ ಆಡಿಸುವುದೇ ಮದ್ದು. ಬೀರುಗಳ ಬಾಗಿಲು ತೆರೆದು, ಫ್ಯಾನ್ ಹಾಕಿ, ಕಿಟಕಿ ಬಿಚ್ಚಿ ವಾರಗಟ್ಟಲೆ ಬಿಡಿ, ಆಮೇಲೆ ವಾಸಕ್ಕೆ ಹೋಗಿ. ಗೃಹಪ್ರವೇಶದ ಮುಹೂರ್ತಕ್ಕೂ ಕಾರ್ಪೆಂಟರ್ ಕೆಲಸ ಮುಗಿಯುವ ದಿನಕ್ಕೂ ಒಂದು ತಿಂಗಳಾದರೂ ಅಂತರ ಇಟ್ಟುಕೊಂಡರೆ ಒಳ್ಳೆಯದು. ಪ್ಲೈವುಡ್ ಕೊಳ್ಳುವಾಗಲೇ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ-ಝೀರೋ ಅಥವಾ ಇ-ಒನ್ ದರ್ಜೆ ಕೇಳಿ.

ಸಮುದ್ರದ ಗಾಳಿ ಬೀಸುವ ಎತ್ತರದ ಮಹಡಿ, ಎಲ್ಲರೂ ಆರೋಗ್ಯವಂತರು. ನಿಮಗೆ ಕಿಟಕಿಯೇ ಸಾಕು, ಹೊತ್ತು ನೋಡಿ ತೆರೆಯಿರಿ.

ಗಿಡ ಇಡುವವರಿಗೆ

ಇಷ್ಟು ಹೇಳಿದೆ ಎಂದು ಗಿಡ ಬೇಡ ಎಂದುಕೊಳ್ಳಬೇಡಿ. ನನಗೆ ಗಿಡಗಳೆಂದರೆ ಜೀವ. ಬೈಕಳಾದ ರಾಣಿ ಬಾಗ್‌ನಲ್ಲಿ ಪಾಲಿಕೆ ನಡೆಸುವ ಹೂಗಿಡದ ಪ್ರದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಬರುವುದು ನನ್ನಿಂದಾಗದು. ಹಸಿರು ಕಂಡರೆ ಮನಸ್ಸಿಗೆ ಹಿತ, ಗ್ರಿಲ್ಲಿನ ಬಳ್ಳಿ ಪಡುವಣ ಬಿಸಿಲನ್ನು ತಡೆಯುತ್ತದೆ, ಮಕ್ಕಳು ಚಿಗುರು ಒಡೆಯುವುದನ್ನು ನೋಡುತ್ತಾರೆ. ಇಷ್ಟು ಸಾಕು ಒಂದು ಗಿಡ ತರಲು.

ಬೆಳಕು ಕಡಿಮೆ ಇರುವ ಫ್ಲ್ಯಾಟಿಗೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಅಗ್ಲೋನಿಮಾ ಬಾಳುತ್ತವೆ. ಮನಿ ಪ್ಲಾಂಟನ್ನು ಕೊಳ್ಳಬೇಕಿಲ್ಲ, ಪಕ್ಕದ ಮನೆಯಿಂದ ಒಂದು ತುಂಡು ಬೇಡಿ ತನ್ನಿ. ಅರೆಕಾ ಪಾಮಿಗೆ ಕಿಟಕಿ ಹತ್ತಿರದ ಬೆಳಕು ಬೇಕು, ತುಳಸಿಗೆ ನೇರ ಬಿಸಿಲು ಬೇಕು. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇದ್ದರೆ ಡೈಫನ್‌ಬಾಕಿಯಾ ತರಬೇಡಿ. ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಮನಿ ಪ್ಲಾಂಟ್, ಪೀಸ್ ಲಿಲಿಯಲ್ಲೂ ಅದೇ ಗುಣ ಇದೆ, ಕೈಗೆಟುಕದ ಕಡೆ ಇಡಿ. ಗ್ರಿಲ್ಲಿನ ಮೇಲಿಡುವ ಕುಂಡವನ್ನು ತಂತಿಯಿಂದ ಕಟ್ಟಿ, ಕೆಳಗೆ ಜನ ಓಡಾಡುತ್ತಾರೆ.

ಕೊನೆಗೊಂದು ಕೆಲಸ, ಮಳೆ ನಿಂತ ಕೂಡಲೇ ಮಾಡುವಂಥದ್ದು. ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ರೆಕ್ಕೆಯ ಜಿಡ್ಡನ್ನು ಬಿಸಿನೀರು, ಸೋಪಿನಲ್ಲಿ ತೊಳೆಸಿ. ನಾಲ್ಕು ತಿಂಗಳು ಮೂಲೆಯಲ್ಲಿದ್ದ ಪ್ಯೂರಿಫೈಯರಿನ ಫಿಲ್ಟರ್ ಹೊರಗೆ ತೆಗೆದು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ ಬಿಸಿಲಿಗೆ ಇಟ್ಟು ಸುಧಾರಿಸಲು ಹೋಗಬೇಡಿ, ಬದಲಿಸಿ. ದೀಪಾವಳಿಯ ಹೊಗೆ ಶುರುವಾಗುವ ಮೊದಲೇ ಹೊಸದು ತರಿಸಿಟ್ಟುಕೊಂಡಿರಿ.